ಅಪ್ಪನ ಫೋಟೋಗೆ ಹಾಕಿದ ಮಾಲೆ

ಬಹರೈನಿನ ಅದ್ಲಿಯಾದ ಫ್ಲ್ಯಾಟುಗಳ ಪಂಪು, ಟ್ಯಾಂಕು ನೋಡಿಕೊಳ್ಳುವ ಕೆಲಸದಲ್ಲಿ ನನ್ನ ಜೊತೆಗಾರ ಒಬ್ಬ ಚೀನಾದವನು. ರಜೆ ಮುಗಿಸಿ ಬಂದವನು ಫೋನಿನಲ್ಲಿ ತನ್ನೂರಿನ ಗುಡಿ ತೋರಿಸಿದ. ಒಳಗೆ ದೇವರಲ್ಲ, ಹಳೆಯ ಕಾಲದ ಸರ್ಕಾರಿ ಅಧಿಕಾರಿಗಳು ನಿಲುವಂಗಿ ತೊಟ್ಟು ಮೂರ್ತಿಗಳಾಗಿ ಕೂತಿದ್ದಾರೆ. ನದಿಯ ನೀರನ್ನು ಹೊಲಗಳಿಗೆ ಹಂಚಿದವರಂತೆ. ಜನ ಊದುಬತ್ತಿ ಹಚ್ಚಿ ತಲೆಬಾಗುತ್ತಿದ್ದರು. ನನಗೆ ಹೊಟ್ಟೆ ಉರಿದುಹೋಯಿತು.

ನನ್ನ ಅಪ್ಪನೂ ನೀರು ಹಂಚಿದವರೇ. ಕರಾವಳಿಯ ನಮ್ಮೂರ ಪಂಚಾಯಿತಿಯಲ್ಲಿ ಪಂಪ್ ಆಪರೇಟರ್. ಒಂದು ವಾರ್ಡಿಗೆ ವಾಲ್ವ್ ತಿರುಗಿಸಿದರೆ ಇನ್ನೊಂದು ವಾರ್ಡಿನವರು ಬೈಯುತ್ತಿದ್ದರು. ಕ್ರಿಕೆಟ್ ಟೂರ್ನಮೆಂಟಿನ ರಿಬ್ಬನ್ ಕತ್ತರಿಸಿದವನಿಗೂ ಶಾಲು ಹೊದಿಸುವ ಊರು ನಮ್ಮದು. ಅಪ್ಪ ರಿಟೈರ್ ಆದ ದಿನ ಪಂಪ್‌ಹೌಸಿನ ಬೀಗದಕೈ ವಾಪಸ್ ತೆಗೆದುಕೊಂಡು ಕಳಿಸಿದರು, ಅಷ್ಟೇ.

ಉರಿ ತಡೆಯಲಾಗದೆ ಒಂದು ಸುಳ್ಳು ಬಿಟ್ಟೆ. "ನಮ್ಮ ಪಂಚಾಯಿತಿ ಆಫೀಸಿನಲ್ಲೂ ನನ್ನ ಅಪ್ಪನ ಫೋಟೋ ಇದೆ. ದಿನಾ ಹೊಸ ಹೂವಿನ ಮಾಲೆ ಹಾಕುತ್ತಾರೆ."

ಅವನು ನನ್ನ ಭುಜ ಒತ್ತಿದ. ಗೆದ್ದೆ ಅಂದುಕೊಂಡೆ. ಆದರೆ ಅವನು ಭಾರತದವರ ಜೊತೆ ಕೆಲಸ ಮಾಡಿ ಪಳಗಿದವನು. ನಮ್ಮಲ್ಲಿ ಫೋಟೋಗೆ ಮಾಲೆ ಬೀಳುವುದು ಯಾವಾಗ ಎಂದು ಅವನಿಗೆ ಗೊತ್ತಿತ್ತು. ಮರೆತದ್ದು ನಾನು.

ಶುಕ್ರವಾರ ಅರಾದ್ ಎಂಬಲ್ಲಿರುವ ನನ್ನ ಮನೆಗೆ, ಅಪ್ಪನ ಫೋಟೋದ ಮುಂದೆ ಇಡಲೆಂದು ಊದುಬತ್ತಿ, ಕಿತ್ತಳೆ ಹಿಡಿದು ಬಂದ. ಬಾಗಿಲು ತೆರೆದದ್ದು ವಿಸಿಟ್ ವೀಸಾದಲ್ಲಿ ಬಂದಿದ್ದ ಅಪ್ಪ. ಇವರು ಯಾರೆಂದು ಅವನು ನನ್ನನ್ನು ಕೇಳಿದ. ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಅಪ್ಪನಿಗೂ ಎಲ್ಲ ಬಿಡಿಸಿ ಹೇಳಬೇಕಾಯಿತು.

"ಒಂದು ಮಾಲೆಗೋಸ್ಕರ ನನ್ನನ್ನು ಸಾಯಿಸಿಯೇ ಬಿಟ್ಟಿಯಲ್ಲ ಮಾರಾಯ!" ಅಪ್ಪ ಹೊಟ್ಟೆ ಹಿಡಿದು ನಕ್ಕರು. ಅವನ ಕೈಯಿಂದ ಕಿತ್ತಳೆ ತೆಗೆದುಕೊಂಡು ಸುಲಿಯತೊಡಗಿದರು. ಅವನ ಫೋನಿನಲ್ಲಿ ಗುಡಿಯನ್ನೂ ನೋಡಿದರು. ಆಮೇಲೆ ನನಗೆ, "ಈ ಗುಡಿಯ ಅಧಿಕಾರಿಗಳಿಗೆ ಬದುಕಿರುವಾಗ ಜನ ಬೈತಿದ್ರಾ ಅಂತ ಸ್ವಲ್ಪ ಕೇಳು" ಎಂದರು.

ಇಂಗ್ಲಿಷಿನಲ್ಲಿ ಕೇಳಿದೆ. "ಬೈಯದೆ ಇರುತ್ತಾರಾ? ಒಬ್ಬರನ್ನಂತೂ ದೂರು ಕೊಟ್ಟು ಕೆಲಸದಿಂದಲೇ ತೆಗೆಸಿದ್ದರಂತೆ. ಗುಡಿ ಕಟ್ಟಿದ್ದು ಅವರೆಲ್ಲ ಸತ್ತು ಎಷ್ಟೋ ಕಾಲದ ಮೇಲೆ" ಎಂದ.

ನಾನು ಕನ್ನಡದಲ್ಲಿ ಹೇಳಿದ್ದೇ ಅಪ್ಪನ ಮುಖ ಅರಳಿತು. "ಹಾಗಾದ್ರೆ ಸರಿ ಉಂಟು. ನನ್ನನ್ನು ಯಾರೂ ಕೆಲಸದಿಂದ ತೆಗೀಲಿಲ್ಲ" ಎಂದು ಕಿತ್ತಳೆಯ ತೊಳೆ ಬಾಯಿಗೆ ಹಾಕಿಕೊಂಡರು.

ಅಪ್ಪನ ಹೊಟ್ಟೆ ಅಷ್ಟಕ್ಕೇ ತಣ್ಣಗಾಯಿತು. ನನ್ನದು ಇನ್ನೂ ಉರಿಯುತ್ತಿದೆ. ನನಗೆ ಗುಡಿ ಬೇಡ, ಮಾಲೆಯೂ ಬೇಡ. ಅಪ್ಪ ಹೀಗೆ ಕಿತ್ತಳೆ ತಿನ್ನುತ್ತಾ ಕೂತಿರುವಾಗಲೇ ಊರಿನವರು ಯಾರಾದರೂ ಒಂದು ಶಾಲು ತಂದು ಅವರ ಹೆಗಲಿಗೆ ಹಾಕಬೇಕು.