ಹೋನೋರಾ ಮರಳಿಸಿದ ಕುರಿ

ಯಾರಂಬಿ ಎಂಬ ನಮ್ಮ ಬಯಲಿನಲ್ಲಿ ಹೆಕ್ಟರ್ ಟುಲ್ಲೊಕ್‌ನನ್ನು ಕಂಡರೆ ಜನ ಟೊಪ್ಪಿ ತೆಗೆಯುತ್ತಿದ್ದರು. ಸ್ಕಾಟ್ಲೆಂಡಿನಿಂದ ಬರಿಗೈಯಲ್ಲಿ ಬಂದು, ಯಾರದೋ ಕುರಿ ಕಾದು, ತನ್ನದೇ ಮಂದೆ ಕಟ್ಟಿ, ಕೊನೆಗೆ ಸಿಡ್ನಿಯ ಶಾಸನಸಭೆಗೆ ಹೋದವನು. ಅವನ ಹೆಸರು ಬಂದಾಗ ನನ್ನ ಅಜ್ಜಿಯ ಅಕ್ಕ ಹೋನೋರಾ ಕಿನೀಲಿ ಮಾತ್ರ ಒಲೆಯ ಕಡೆ ತಿರುಗಿ ಚಹಾ ಕುದಿಯಿತೇ ಎಂದು ನೋಡುತ್ತಿದ್ದಳು.

ಅವಳು ಐರಿಷ್ ವಿಧವೆ. ಹೊಳೆಯಾಚೆ ಅವಳದೊಂದು ಸಣ್ಣ ಮಂದೆ ಇತ್ತು. ಚುನಾವಣೆಗೆ ಮುಂಚಿನ ಚಳಿಗಾಲದಲ್ಲಿ ಹೆಕ್ಟರ್ ದಕ್ಷಿಣದಲ್ಲಿ ಅಗ್ಗಕ್ಕೆ ಕೊಂಡ, ಮೈಗೆ ಕೆಂಪು ಗುರುತು ಹಚ್ಚಿದ ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದಾಗ ಮಳೆ ಹಿಡಿಯಿತು.

"ಹೋನೋರಾ, ಹಟ್ಟಿ ಖಾಲಿ ಇದೆಯಾ?"

"ನನ್ನವು ಗುಡ್ಡದ ಮೇಲಿವೆ. ತುಂಬ್ಕೊ. ನಿನ್ನ ನಾಯಿ ನನ್ನ ಕೋಳಿ ಮುಟ್ಟಿದ್ರೆ ಮಾತ್ರ ನಿನ್ನನ್ನೇ ಸಾರು ಮಾಡ್ತೀನಿ!"

ಬೆಳಿಗ್ಗೆ ಒಂದು ಕುರಿ ಹಟ್ಟಿಯ ಕಂಬಕ್ಕೆ ಮೈ ಉಜ್ಜುತ್ತಿತ್ತು. ಹೆಕ್ಟರ್ ಉಣ್ಣೆ ಬಿಡಿಸಿ ನೋಡಿದ. ಕಜ್ಜಿ, ಉಜ್ಜಿದ ಕಂಬದಿಂದಲೂ ಮಂದೆಯಿಂದ ಮಂದೆಗೆ ಅಂಟುವ ರೋಗ. ಸರ್ಕಾರದ ತಪಾಸಣೆಯವನಿಗೆ ಹೇಳಿದರೆ ಇಡೀ ಮಂದೆಗೆ ಕತ್ತಿ. ಅದಕ್ಕಿಂತ ಹೆಚ್ಚಾಗಿ, ಕಜ್ಜಿಯನ್ನು ಈ ನಾಡಿನಿಂದಲೇ ತೊಲಗಿಸುತ್ತೇನೆಂದು ಅವನು ಚುನಾವಣೆಗಾಗಿ ಊರೂರಿನಲ್ಲಿ ಮಾತು ಕೊಟ್ಟು ಬಂದಿದ್ದ. ಹೋನೋರಾ ಕೊಟ್ಟ ರೊಟ್ಟಿ ತಿಂದು, ಏನೂ ಹೇಳದೆ ಹೊರಟ. ಆ ಕುರಿಯನ್ನು ಕಣಿವೆಯಲ್ಲಿ ಕೊಂದು ಸುಟ್ಟ. ಉಳಿದವನ್ನು, ಕಜ್ಜಿಯ ಹುಳು ಸಾಯಲೆಂದು, ತಂಬಾಕಿನ ನೀರಿನಲ್ಲಿ ಅದ್ದಿದ. ಅವು ಉಳಿದವು.

ಹೋನೋರಾಳ ಕುರಿಗಳು ಗುಡ್ಡ ಇಳಿದು ಅದೇ ಹಟ್ಟಿ ಸೇರಿದವು; ಅವು ಉಳಿಯಲಿಲ್ಲ. ತಪಾಸಣೆಯವರು ಬಂದು ಎಲ್ಲವನ್ನೂ ಕಡಿಸಿ, ಕೊಬ್ಬಿಗಾಗಿ ಬೇಯಿಸಿ, ಹಟ್ಟಿಗೆ ಬೆಂಕಿ ಇಟ್ಟು ಹೋದರು. ಅಂಗಡಿಯಲ್ಲಿ ಹೆಂಗಸರು ಅವಳಿಗೆ ತಾಗದಂತೆ ಲಂಗ ಎಳೆದುಕೊಂಡರು. "ಐರಿಷ್ ಕೊಳಕು. ಮೈ ತೊಳ್ಕೊಳೋರು ತಾನೇ ಕುರಿ ತೊಳೆಯೋದು," ಎಂದರು.

ಮಂದೆ ಕಳೆದುಕೊಂಡವರಿಗೆ ಸುತ್ತಲಿನವರು ಒಂದೊಂದು ಹೆಣ್ಣುಕುರಿ ಕೊಡುವುದು ನಮ್ಮ ಬಯಲಿನ ರೂಢಿ. ಬೈದವರೂ ಕೊಟ್ಟರು. ಹೆಕ್ಟರ್ ತನ್ನ ಮಂದೆಯಲ್ಲೇ ಚೆಲುವಾದದ್ದನ್ನು ಕಳಿಸಿದ. ಹೋನೋರಾ ಎಲ್ಲರದನ್ನೂ ಇಟ್ಟುಕೊಂಡು, ಅದೊಂದನ್ನು ಹಗ್ಗ ಕಟ್ಟಿ ತಾನೇ ನಡೆಸಿಕೊಂಡು ಹೋಗಿ ಅವನ ಗೇಟಿಗೆ ಕಟ್ಟಿ ಬಂದಳು.

"ತಿನ್ನೋಕಿಲ್ಲ, ಸೊಕ್ಕು ನೋಡು," ಎಂದಿತು ಊರು. ಹೆಕ್ಟರ್ ಹಗ್ಗ ಬಿಚ್ಚಿ ಕುರಿಯನ್ನು ಮಂದೆಗೆ ಸೇರಿಸಿದ.

ಚುನಾವಣೆಯ ದಿನ ಚುನಾವಣೆಗೆ ನಿಂತವರು ಮಾತಾಡಲು ಹೋಟೆಲಿನ ಮುಂದೆ ಹಲಗೆಯ ಕಟ್ಟೆ ಹಾಕಿದ್ದರು. ಹೋನೋರಾ ಜನರ ನಡುವಿನಿಂದ ಕೂಗಿದಳು.

"ಟುಲ್ಲೊಕ್ ಸಾಹೇಬ್ರೆ! ಕಜ್ಜಿ ಕಂಡ ಮಂದೇನ ಕೊಲ್ತೀರಿ, ಸರಿ. ಅದನ್ನ ತಂದ ಮಂದೇನ ಏನ್ ಮಾಡ್ತೀರಿ?"

"ವೋಟಿಲ್ದೋಳಿಗೆ ಪ್ರಶ್ನೆ ಬೇರೆ!" ಯಾರೋ ಕಿರುಚಿದ. "ಮೊದ್ಲು ಕೆರ್ಕೊಂಡು ಬಾರಮ್ಮ!"

ಎಲ್ಲರೂ ನಕ್ಕರು. ಹೆಕ್ಟರ್ ಕಟ್ಟೆಯ ಅಂಚು ಹಿಡಿದು ನಿಂತಿದ್ದ. ನಗು ನಿಲ್ಲುವವರೆಗೂ ಕಾದ.

"ತಂದದ್ದು ಯಾರು ಅಂತ ಹೇಳೋದು ಕಷ್ಟ, ತಾಯಿ," ಎಂದ.

ಅವನಿಗೆ ವೋಟಾಗಿ ಕೈಗಳು ಮೇಲೆದ್ದವು. ಗೆದ್ದ.

ಅವನು ತಂದ ಕಾನೂನು ಒಳ್ಳೆಯದೇ. ಕಜ್ಜಿ ನಮ್ಮ ಬಯಲಿನಿಂದ ಹೋಯಿತು. ಮರಿ ಹಾಕುವ ಕಾಲದಲ್ಲಿ ಪ್ರತಿ ವರ್ಷ ಅವನ ಕಡೆಯಿಂದ ಒಂದು ಹೆಣ್ಣುಕುರಿ ಬರುತ್ತಿತ್ತು. ಹೋನೋರಾ ಮರಳಿಸುತ್ತಿದ್ದಳು.

ಮುದುಕನಾದ ಮೇಲೆ ಒಂದು ಸಲ ಹೆಕ್ಟರ್ ತಾನೇ ಗಾಡಿಯಲ್ಲಿ ಕುರಿ ತಂದ. ಅಂಗಳದಲ್ಲಿ ಟೊಪ್ಪಿ ಹಿಡಿದು ನಿಂತು, ಆ ಬೆಳಗನ್ನೂ ಕಣಿವೆಯ ಬೆಂಕಿಯನ್ನೂ ಹೇಳಿಕೊಂಡ. ಹೋನೋರಾ ಪೂರ್ತಿ ಕೇಳಿದಳು.

"ಹಟ್ಟಿ ಸುಡೋ ದಿನಾನೇ ಗೊತ್ತಾಯ್ತು. ಕಂಬದಲ್ಲಿ ಕೆಂಪು ಗುರುತಿನ ಉಣ್ಣೆ ಸಿಕ್ಕಿತ್ತು. ನನ್ನ ಕುರಿಗೆ ನಾನ್ಯಾವತ್ತು ಬಣ್ಣ ಹಚ್ಚಿದೀನಿ?"

"ಹೇಳ್ಬಹುದಿತ್ತಲ್ಲ, ಹೋನೋರಾ."

"ನನ್ನ ಮಾತು ಯಾರು ನಂಬೋರು? ಅದಕ್ಕೇ ಎಲ್ಲರ ಮುಂದೆ ನಿನ್ನನ್ನ ಕೇಳ್ದೆ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಸಂತೆ ದಿನ ಹೋಟೆಲ್ ಮುಂದೆ ಹೇಳ್ತೀನಿ."

"ಹೇಳು. ಆಮೇಲೆ ಕುರಿ ತಾ. ಇಟ್ಕೋತೀನಿ."

ಸಂತೆಯ ದಿನ ಹೋನೋರಾ ಒಳ್ಳೆಯ ಬಾನೆಟ್ ಟೊಪ್ಪಿ ಹಾಕಿಕೊಂಡು ಹೋಟೆಲಿನ ಎದುರು ನಿಂತಳು. ಹೆಕ್ಟರ್ ಬಂದ. ಅವನು ಗಾಡಿಯಿಂದ ಇಳಿಯುತ್ತಲೇ ಗಂಡಸರೆಲ್ಲ ಟೊಪ್ಪಿ ತೆಗೆದರು. ಅವನು ಆ ಬರಿದಲೆಗಳನ್ನು ಒಂದೊಂದಾಗಿ ನೋಡಿದ. ಬಾಯಿ ತೆರೆದ.

"ಮೇಲಿನ ಸೀಮೇಲಿ ಮಳೆ ಆಯ್ತಂತಾ?" ಎಂದು ಕೇಳಿದ.

ಆಯ್ತಂತೆ, ಎಂದರು. ಅವನು ತಲೆಯಾಡಿಸಿ, ಹೋನೋರಾಳ ಕಡೆ ನೋಡದೆ, ಗಾಡಿ ಹತ್ತಿದ.

ಆ ವರ್ಷದಿಂದ ಕುರಿ ಬರಲಿಲ್ಲ.