ಅತಿಥಿಗಳ ಸಾಲಿನಲ್ಲಿ ತಂಗಿ

ಮಸ್ಕಿಯ ನಮ್ಮ ಮನೆಗೆ ಬಂದ ನೆಂಟರು ನೀರು ಕುಡಿಯುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಇಲ್ಲ ಎನ್ನುವುದು ನಮ್ಮ ಕಡೆ ಆಗದ ಮಾತು. ಹಬ್ಬಕ್ಕೆ ಬಂದವರು ಕಟ್ಟೆಯ ಮೇಲೆ ಸಾಲಾಗಿ ಕೂತು ಸಿನಿಮಾ ಇಳಿಸಿಕೊಳ್ಳುತ್ತಿದ್ದರೆ ಒಳಗೆ ನಮ್ಮ ಟಿವಿ ನಿಂತೇ ಹೋಗುತ್ತಿತ್ತು. ಅದಕ್ಕೇ ಯಾರಿಗೆ ಎಷ್ಟು ನೆಟ್ ಬಿಡಬೇಕೆಂದು ತಡೆದು ಹಂಚುವ ಒಂದು ಫೈರ್‌ವಾಲ್ ಪೆಟ್ಟಿಗೆ ತಂದು ಹಾಕಿದೆ. ಲಿಂಗಸುಗೂರಿನ ನಮ್ಮ ಕಚೇರಿಯಲ್ಲಿ ಕಂಪ್ಯೂಟರ್ ಕೆಟ್ಟರೆ ಎಲ್ಲರೂ ನನ್ನನ್ನೇ ಕರೆಯುತ್ತಾರೆ. ಆ ಹಮ್ಮು ಬೇರೆ. ಮನೆಯ ನೆಟ್ಟನ್ನು ಎರಡು ಗುಂಪು ಮಾಡಿದೆ. ‘ಮನೆ’ ಗುಂಪಿಗೆ ಪೂರ್ತಿ ವೇಗ. ‘ಅತಿಥಿ’ ಗುಂಪಿಗೆ ಚೂರೇ ಚೂರು, ಅದೂ ಅರ್ಧ ಗಂಟೆಗೊಮ್ಮೆ ತಾನಾಗಿ ಕಡಿದುಹೋಗುವ ಹಾಗೆ. ನೆಂಟರು ಬೇಸತ್ತು ಫೋನ್ ಕೆಳಗಿಟ್ಟರು. ಟಿವಿ ಸರಾಗವಾಗಿ ಓಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗುರುಗುಂಟಾಕ್ಕೆ ಕೊಟ್ಟಿದ್ದ ತಂಗಿ ಅದೇ ವರ್ಷ ಸಂಸಾರ ಬಿಟ್ಟು ನಮ್ಮ ಮನೆಗೆ ಬಂದಳು. ಯಾರ ಮೇಲೂ ಭಾರವಾಗಬಾರದೆಂದು ಕೆಲಸ ಹುಡುಕಿಕೊಂಡಳು. ಸಿಂಧನೂರಿನ ಒಂದು ಸ್ಟುಡಿಯೋದವರ ಮದುವೆ ಆಲ್ಬಮ್‌ಗಳಿಗೆ ಮನೆಯಲ್ಲೇ ಪುಟ ಜೋಡಿಸಿ, ಅಂದಂದೇ ಅವರ ಸರ್ವರಿಗೆ ಕಳಿಸಬೇಕು. ಭಾರೀ ಫೈಲುಗಳು.

“ಅಣ್ಣಾ, ಫೈಲು ಅರ್ಧಕ್ಕ ನಿಂತುಬಿಡಾಕತ್ತಾವ. ಜರಾ ನೋಡ್ತೀಯೇನು?” ಎಂದಳು.

ನಾನು ಅವಳ ಫೈಲೊಂದನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡು ಅಲ್ಲಿಂದ ಕಳಿಸಿದೆ. ಸರ್ರನೆ ಹೋಯಿತು.

“ನೋಡು, ನೆಟ್ ಪಕ್ಕಾ ಐತಿ. ನಿನ್ನ ಲ್ಯಾಪ್‌ಟಾಪ್ ಖರಾಬ್ ಆಗೇತಿ,” ಎಂದು ಕೈ ತೊಳೆದುಕೊಂಡೆ. ಮತ್ತೊಮ್ಮೆ ಕೇಳಿದಾಗ ತಪ್ಪನ್ನು ಸ್ಟುಡಿಯೋದವರ ಸರ್ವರಿನ ಮೇಲೆ ಹಾಕಿದೆ. ಅಣ್ಣ ಹೇಳಿದ ಮೇಲೆ ಮುಗಿಯಿತು, ಅವಳು ನಂಬಿದಳು. ಪೆನ್‌ಡ್ರೈವ್ ಪರ್ಸಿಗೆ ಹಾಕಿಕೊಂಡು ಸಿಂಧನೂರಿನ ಬಸ್ ಹತ್ತತೊಡಗಿದಳು. ಬಿಸಿಲಲ್ಲಿ ಹೋಗಿ ಬಂದವಳನ್ನು ನೋಡಿ, ಹೊಸ ಲ್ಯಾಪ್‌ಟಾಪ್ ತೆಗೆದುಕೋ ಎಂದು ಬುದ್ಧಿ ಬೇರೆ ಹೇಳುತ್ತಿದ್ದೆ. ಈಗ ನೆನೆದರೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ.

ಒಂದು ಭಾನುವಾರ ತಂಗಿಗೆ ಸ್ಟುಡಿಯೋದವರ ಫೋನು. ಆಚೆಯ ದನಿ ನನಗೂ ಕೇಳುತ್ತಿತ್ತು.

“ಹಿಂಗಾದ್ರ ನಾವು ಹೆಂಗ ಕೆಲಸ ಮಾಡಬೇಕವ್ವಾ? ಮಧ್ಯಾಹ್ನ ಅಂಗಡಿ ಬಂದ್ ಮಾಡೂದ್ರಾಗ ಫೈಲ್ ಬರಲಿಲ್ಲಂದ್ರ, ಮುಂದಿನ ಕೆಲಸ ಬ್ಯಾರೆಯವರಿಗೆ ಕೊಡ್ತೀನಿ.”

ಬಸ್ ಹಿಡಿದರೂ ಅಷ್ಟರೊಳಗೆ ಮುಟ್ಟುವಂತಿರಲಿಲ್ಲ. ನಾನೇ ಕಳಿಸಿಕೊಡುತ್ತೇನೆಂದೆ.

“ದಿನಾ ನೀ ಕಳಿಸ್ತೀ ಏನಣ್ಣಾ? ನನ್ನದರಾಗ ಯಾಕ ಹೋಗವಲ್ದು, ಅದನ್ನ ನೋಡು,” ಎಂದಳು.

ಆಗ ಮೊದಲ ಸಲ ಅವಳ ಲ್ಯಾಪ್‌ಟಾಪಿನ ಮುಂದೆ ಕೂತೆ. ಫೈಲು ತೆವಳುತ್ತ ತೆವಳುತ್ತ ಏರಿತು. ಅರ್ಧ ಗಂಟೆಗೆ ಸರಿಯಾಗಿ ಕಡಿಯಿತು. ಆ ಅರ್ಧ ಗಂಟೆಯ ಗುರುತು ಹತ್ತದಿರಲು ನಾನೇನು ಮಗುವೇ? ಫೈರ್‌ವಾಲಿನ ಪುಟ ತೆರೆದೆ. ತಂಗಿಯ ಲ್ಯಾಪ್‌ಟಾಪ್ ‘ಅತಿಥಿ’ ಗುಂಪಿನಲ್ಲಿತ್ತು.

ಹಾಕಿದವನು ನಾನೇ. ಅವಳು ಬಂದ ದಿನವೇ ಹಾಕಿದ್ದೆ, ಒಂದು ಗಳಿಗೆಯೂ ಯೋಚಿಸದೆ. ತವರಿಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುವ ಮನೆ ನಮ್ಮದು. ಬಂದವಳು ನಾಲ್ಕು ದಿನ ಇದ್ದು ಹೋಗುವವಳೇ ಎಂದು ನನ್ನ ಕೈ ತಾನೇ ತೀರ್ಮಾನಿಸಿಬಿಟ್ಟಿತ್ತು. ಅವಳು ಹೋಗಲು ಬಂದವಳಲ್ಲ ಎಂಬುದು ಗೊತ್ತಾದ ಮೇಲೂ ನಾನದನ್ನು ತಿದ್ದಿರಲಿಲ್ಲ.

ಪುಟ ಮುಚ್ಚುವಷ್ಟರಲ್ಲಿ ಅವಳು ಹಿಂದಿನಿಂದ ಓದಿಯಾಗಿತ್ತು. ‘ಮನೆ’ ಗುಂಪಿನಲ್ಲಿ ನನ್ನ ಕಂಪ್ಯೂಟರ್, ನನ್ನ ಮತ್ತು ಹೆಂಡತಿಯ ಫೋನು, ಟಿವಿ, ಬಾಗಿಲ ಮೇಲಿನ ಕ್ಯಾಮೆರಾ.

“ಟಿವಿನೂ ಮನಿಯಾಕಿ ಆಗ್ಯಾಳ,” ಎಂದಳು.

ಸಿಟ್ಟಿನ ದನಿಯಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅವಳ ಮುಖ ನೋಡದೆಯೇ ಲ್ಯಾಪ್‌ಟಾಪನ್ನು ‘ಮನೆ’ ಗುಂಪಿಗೆ ತಂದೆ. ನನ್ನ ಹೆಂಡತಿ ಚಹಾ ಮಾಡಿ ತರುವುದರೊಳಗೆ ಫೈಲು ಪೂರ್ತಿ ಹೋಗಿತ್ತು. ಸ್ಟುಡಿಯೋದವರು ಮುಟ್ಟಿತೆಂದರು. ಕೆಲಸ ಉಳಿಯಿತು. ನನ್ನ ಲೋಟದ ಚಹಾ ಮಾತ್ರ ಹಾಗೇ ಆರಿತು.

ಮರುದಿನ ಸಂಜೆ ನಾನೂ ಹೆಂಡತಿಯೂ ಟಿವಿ ಮುಂದೆ ಕೂತಿದ್ದೆವು. ತಂಗಿ ಬಾಗಿಲಲ್ಲಿ ಬಂದು ನಿಂತಳು.

“ಅಣ್ಣಾ, ಟಿವಿ ನೋಡಾಕತ್ತೀರೇನು? ನಾ ಫೈಲ್ ಕಳಿಸಾಕ ಹಚ್ಚಲೇನು?”

“ಅದನ್ನೇನ ಕೇಳ್ತೀಬೇ, ನಿನ್ನ ಮನಿ ಇದು,” ಎಂದೆ. ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಹೂಂ,” ಎಂದು ಒಳಗೆ ಹೋದಳು.

ಅದರ ಮರುದಿನವೂ ಬಾಗಿಲಲ್ಲೇ ನಿಂತು ಕೇಳಿದಳು. ಇವತ್ತಿಗೂ ಕೇಳುತ್ತಾಳೆ.