ಉಮಾಮಹೇಶ್ವರಿಗೆ ಹೇಳದ ಮಾತು

ಭದ್ರಾವತಿಯ ಜನ್ನಾಪುರದಲ್ಲಿ ಉಮಾಮಹೇಶ್ವರಿಯವರ ಹೊಲಿಗೆ ಕ್ಲಾಸಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮದುವೆ ಗೊತ್ತಾದ ಹುಡುಗಿಯರನ್ನು ತಾಯಂದಿರೇ ಕರೆತಂದು ಬಿಡುತ್ತಿದ್ದರು. ಆಕೆ ಹುಟ್ಟಿದ್ದು ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿಯ ಮನೆಯಲ್ಲಿ. ಕೈಹಿಡಿದದ್ದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ವಿಶ್ವಾರಾಧ್ಯ ಮೇಷ್ಟ್ರನ್ನು. ಒಬ್ಬಳೇ ಮಗಳು ಪ್ರಿಯದರ್ಶಿನಿ ನರ್ಸಿಂಗ್ ಓದಿ, ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಮದುವೆಯಾದ ಮೇಲೆ ರಾಗಿಗುಡ್ಡದಲ್ಲಿ ಮನೆ ಮಾಡಿದ್ದಳು.

೧೯೯೯ರ ಮಳೆಗಾಲದಲ್ಲಿ ಮೇಷ್ಟ್ರ ಬೆರಳುಗಳಿಂದ ಸೀಮೆಸುಣ್ಣ ಜಾರತೊಡಗಿತು. ಮರುವರ್ಷ ಮೆಟ್ಟಿಲು ಹತ್ತುವುದು ನಿಂತಿತು. ದೊಡ್ಡ ಆಸ್ಪತ್ರೆಯ ಡಾಕ್ಟರು, ಇದು ನರಗಳು ಒಂದೊಂದಾಗಿ ಸೋಲುವ ಕಾಯಿಲೆ, ಬುದ್ಧಿ ಕೊನೆಯವರೆಗೂ ಚುರುಕಾಗಿಯೇ ಇರುತ್ತದೆ, ಔಷಧ ಇಲ್ಲ ಎಂದರು. ೨೦೦೩ರ ಹೊತ್ತಿಗೆ ಮಾತು ಹೋಯಿತು. ಆಮೇಲೆ ನುಂಗುವುದೂ ಹೋಗಿ ಮೂಗಿನಲ್ಲಿ ನಳಿಕೆ ಬಂತು.

ಉಮಾಮಹೇಶ್ವರಿ ರಟ್ಟಿನ ಮೇಲೆ ಕನ್ನಡದ ಅಕ್ಷರಗಳನ್ನು ಸಾಲಾಗಿ ಬರೆದರು. ಒಂದೊಂದರ ಮೇಲೂ ಬೆರಳಿಟ್ಟುಕೊಂಡು ಹೋದರೆ ಬೇಕಾದ ಅಕ್ಷರಕ್ಕೆ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು. ಒಂದು ವಾಕ್ಯಕ್ಕೆ ಕಾಲು ಗಂಟೆ ಹಿಡಿಯುತ್ತಿತ್ತು. ಬೆಳಿಗ್ಗೆ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು, ಕೆಳಗೆ ತನ್ನ ಕೈ ಕೊಟ್ಟು ಪೂಜೆ ಮಾಡಿಸುತ್ತಿದ್ದರು. ಎರಡು ಸಲ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಯಿತು. ಎರಡು ಸಲವೂ ಆಂಬುಲೆನ್ಸ್ ತರಿಸಿ, ಶಿವಮೊಗ್ಗಕ್ಕೆ ಸಾಗಿಸಿ, ಉಳಿಸಿಕೊಂಡು ಬಂದರು. "ಸಾವಿತ್ರಿ ಕಣಮ್ಮ ನೀನು" ಎಂದು ಬೀದಿಯವರು ಹೇಳಿದರೆ ಮುಖ ಕೆಂಪೇರುತ್ತಿತ್ತು.

೨೦೦೫ರ ಫೆಬ್ರವರಿಯಲ್ಲಿ ಅಣ್ಣ ಷಣ್ಮುಖಪ್ಪನವರು ಶಿವಮೊಗ್ಗದಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ಬಂತು. ಉಮಾಮಹೇಶ್ವರಿ ಗಂಡನನ್ನು ಬಿಟ್ಟು ಒಂದು ರಾತ್ರಿ ಹೊರಗಿದ್ದು ಎರಡು ವರ್ಷವಾಗಿತ್ತು. ಪ್ರಿಯದರ್ಶಿನಿ ರಜೆ ಹಾಕಿ ಬುಧವಾರವೇ ಬಂದಳು.

"ನಾನಿದ್ದೀನಲ್ಲಮ್ಮ. ನೀನು ಹೋಗು, ಎರಡು ದಿನ ಆರಾಮಾಗಿದ್ದು ಬಾ."

ಗುರುವಾರ ಬೆಳಿಗ್ಗೆ ಮಗಳೇ ತಂದೆಯ ಮೈ ಒರೆಸಿದಳು. ಹೊರಡುವ ಮುಂಚೆ ಉಮಾಮಹೇಶ್ವರಿ ಗಂಡನ ಕೈ ಮುಟ್ಟಿದಾಗ ಬಿಸಿ ಅನ್ನಿಸಿತು.

"ಈಗಷ್ಟೇ ಬಿಸಿನೀರಲ್ಲಿ ಒರೆಸಿದ್ನಲ್ಲ, ಅದಕ್ಕೇ" ಎಂದಳು ಮಗಳು. "ಬಸ್ ತಪ್ಪಿಹೋಗುತ್ತೆ ಅಮ್ಮ, ಹೊರಡು."

"ಹೋಗ್ಬರ್ಲೇನ್ರೀ?" ಎಂದರು. ಮೇಷ್ಟ್ರು ಹೆಂಡತಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ನಿಧಾನವಾಗಿ ಕಣ್ಣು ಮುಚ್ಚಿದರು. ಹೂಂ ಎಂದು ಅರ್ಥ.

ಶುಕ್ರವಾರ ಗೃಹಪ್ರವೇಶ ಮುಗಿಯಿತು. ಶನಿವಾರ ಹೊರಡುತ್ತೇನೆಂದರೆ ಅಣ್ಣ ಬಿಡಲಿಲ್ಲ. "ಇನ್ನೊಂದು ದಿನ ಇರೇ. ಪ್ರಿಯ ನೋಡ್ಕೋತಾಳೆ" ಎಂದು ಒತ್ತಾಯ ಮಾಡಿದರು. ಫೋನ್ ಮಾಡಿದಾಗಲೆಲ್ಲ ಮಗಳು "ಅಪ್ಪಾಜಿ ಮಲಗಿದ್ದಾರೆ" ಎನ್ನುತ್ತಿದ್ದಳು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಆ ಕಡೆಯಿಂದಲೇ ಫೋನ್ ಬಂತು. ಉಮಾಮಹೇಶ್ವರಿ ಜನ್ನಾಪುರಕ್ಕೆ ಬಂದಾಗ ಮೇಷ್ಟ್ರ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿಯಾಗಿತ್ತು. ಮೂಗಿನಲ್ಲಿ ನಳಿಕೆ ಇರಲಿಲ್ಲ.

ಹನ್ನೊಂದನೆಯ ದಿನದ ಗಣಾರಾಧನೆ ಕಳೆದ ಮೇಲೆ ಹಾಸಿಗೆಯ ಬಟ್ಟೆಗಳನ್ನು ಎತ್ತಿಡುವಾಗ ಒಂದು ಸಣ್ಣ ನೋಟ್‌ಬುಕ್ ಸಿಕ್ಕಿತು. ಅಕ್ಷರ ಮಗಳದು. ಮನೆಗೆ ಬಂದಾಗಲೆಲ್ಲ ತಂದೆ ಕಣ್ಣು ಮುಚ್ಚಿ ಹೇಳಿದ್ದನ್ನು ಮರೆಯದಿರಲು ಅವಳು ಬರೆದಿಟ್ಟುಕೊಳ್ಳುತ್ತಿದ್ದಳು. ನವೆಂಬರ್ ತಿಂಗಳ ಒಂದು ಪುಟದಲ್ಲಿ ಹೀಗಿತ್ತು: "ಮುಂದಿನ ಸಲ ಜ್ವರ ಬಂದರೆ ಆಸ್ಪತ್ರೆ ಬೇಡ. ಬಿಟ್ಟುಬಿಡು. ಅಮ್ಮ ಇಲ್ಲದಾಗ. ಅಮ್ಮನಿಗೆ ಹೇಳಿದೆ. ಅವಳು ಓದುವುದಿಲ್ಲ." ಕೊನೆಯ ಪುಟದಲ್ಲಿ ಗುರುವಾರದ ತಾರೀಖಿತ್ತು. ಅದರ ಕೆಳಗೆ ಎರಡೇ ಪದ: "ಅಮ್ಮನನ್ನು ಕಳಿಸು."

ಅಡಿಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ಮಗಳ ಮುಂದೆ ನೋಟ್‌ಬುಕ್ ಇಟ್ಟರು.

"ಅವತ್ತು ಕೈ ಬಿಸಿಯಾಗಿದ್ದದ್ದು ನೀರಿಗಲ್ಲ."

ಪ್ರಿಯದರ್ಶಿನಿ ಅಳಲಿಲ್ಲ. "ಬುಧವಾರ ರಾತ್ರಿನೇ ಜ್ವರ ಶುರುವಾಗಿತ್ತಮ್ಮ. ನೋವಾಗದ ಹಾಗೆ ನೋಡ್ಕೊಂಡೆ. ಆಂಟಿಬಯೋಟಿಕ್ ಕೊಡ್ಲಿಲ್ಲ. ಶನಿವಾರ ನಳಿಕೆ ತೆಗೀ ಅಂದ್ರು, ತೆಗೆದೆ."

"ನಮ್ಮಣ್ಣನಿಗೂ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಹೇಳಿದ್ದೆ."

"ಇಡೀ ಮನೆಗೆ ಗೊತ್ತು. ಹೋಳಿಗೆ ಬಡಿಸ್ಕೊಂಡು ಕೂತಿದ್ದ ನಂಗೊಬ್ಬಳಿಗೆ ಗೊತ್ತಿಲ್ಲ."

"ನೀನಿದ್ದಿದ್ರೆ ಬಿಡ್ತಿದ್ಯಾ ಅಮ್ಮ?"

"ಬಿಡ್ತಿರ್ಲಿಲ್ಲ."

"ಅದಕ್ಕೇ."

ಉಮಾಮಹೇಶ್ವರಿ ಅಲ್ಲೇ ನೆಲದ ಮೇಲೆ ಕುಳಿತರು. "ಸಾಯೋದು ಅವರಿಷ್ಟ ಅಂತೀಯ. ಇರ್ಲಿ. ಆರು ವರ್ಷ ಅವರ ಕೈ ನಾನು, ಕಾಲು ನಾನು. ಕೊನೆ ಗಳಿಗೇಲಿ ಆ ಕೈ ಹಿಡ್ಕೊಳ್ಳೋದಕ್ಕೂ ನಾನು ಬೇಡವಾದ್ನಾ? ನನ್ನನ್ನ ನೋಡಿ ಹೂಂ ಅಂದ್ರಲ್ಲೇ. ಅದು ಹೋಗ್ಬಾ ಅಂತಲ್ಲ. ತೊಲಗು ಅಂತ."

ಷಣ್ಮುಖಪ್ಪ ಬಂದು ಸಮಾಧಾನ ಹೇಳಲು ನೋಡಿದರು. "ಭಾವ ಪಟ್ಟ ಪಾಡು ನಿಂಗೆ ಗೊತ್ತಿಲ್ವಾ? ಇಂಥ ಜೀವ ಹಿಡಿದಿಟ್ಕೊಳ್ಳೋದು ಪುಣ್ಯ ಅಂತೀಯಾ?" ಎಂದರು. "ಪಾಪ ಪುಣ್ಯ ಆಮೇಲೆ ಮಾತಾಡೋಣ ಅಣ್ಣ. ಶನಿವಾರ ನನ್ನನ್ನ ಯಾಕೆ ನಿಲ್ಲಿಸ್ಕೊಂಡೆ, ಅದನ್ನ ಹೇಳು" ಎಂದಾಗ ಅವರು ಎದ್ದು ಹೊರಟುಬಿಟ್ಟರು. ಮೇಷ್ಟ್ರನ್ನು ನೋಡುತ್ತಿದ್ದ ಡಾಕ್ಟರನ್ನೂ ಉಮಾಮಹೇಶ್ವರಿ ಕೇಳಿಬಂದರು. ಔಷಧ ಕೊಟ್ಟಿದ್ದರೆ ಬಹುಶಃ ಉಳಿಯುತ್ತಿದ್ದರು, ಆದರೆ ಬೇಡ ಅನ್ನುವ ರೋಗಿಗೆ ಬಲವಂತ ಮಾಡುವುದು ಸರಿಯೇ ಎಂದು ತನಗೂ ತಿಳಿಯದು ಎಂದು ಅವರು ಹೇಳಿದರು. ಪೊಲೀಸ್ ಠಾಣೆಗೆ ಹೋಗಲೇ ಎಂಬ ಯೋಚನೆ ಒಂದು ಮಧ್ಯಾಹ್ನ ಬಂದದ್ದನ್ನು ಉಮಾಮಹೇಶ್ವರಿ ಮುಚ್ಚಿಡಲಿಲ್ಲ. ಸ್ಟೇಷನ್ ರಸ್ತೆಯವರೆಗೂ ನಡೆದು ವಾಪಸು ಬಂದಿದ್ದರು.

ಒಂದು ವಿಷಯವನ್ನು ಮಾತ್ರ ಯಾರಿಗೂ ಬಹಳ ದಿನ ಹೇಳಲಿಲ್ಲ. ಪಕ್ಕದ ಮನೆಯ ಸರಸ್ವತಿ ಆಕೆಯ ಹತ್ತಿರವೇ ಹೊಲಿಗೆ ಕಲಿತು, ಈಗ ಕ್ಲಾಸಿನಲ್ಲಿ ಜೊತೆಗಿದ್ದವಳು. ಒಂದು ದಿನ ಬಟ್ಟೆ ಕತ್ತರಿಸುತ್ತಾ ಅವಳಿಗೆ ಹೇಳಿದರು: "ಅವರು ನನಗೆ ಹೇಳಿದ್ದು ನಿಜ ಕಣೇ. ದಸರಾ ಹೊತ್ತಲ್ಲಿ. 'ಸಾ' ಅಂತ ಆಯ್ತು. ಆಮೇಲೆ 'ಕ' ಮೇಲೆ ಬೆರಳಿಟ್ಟೆ, ಕಣ್ಣು ಮುಚ್ಚಿದ್ರು. ನಾನು ನೋಡ್ಲಿಲ್ಲ ಅನ್ನೋ ಹಾಗೆ ಬೆರಳು ಮುಂದಕ್ಕೆ ಎಳ್ಕೊಂಡು 'ರ' ಮೇಲೆ ನಿಲ್ಲಿಸಿ, 'ಏನ್ರೀ, ಸಾರು ಬೇಕಾ?' ಅಂತ ನಕ್ಕೆ. ಇನ್ನೂ ಎರಡು ಸಲ ಹಾಗೇ ಮಾಡ್ದೆ. ಆಮೇಲೆ ಅವರು ನನ್ನ ಹತ್ರ ಆ ಮಾತು ತೆಗೀಲೇ ಇಲ್ಲ."

ಸರಸ್ವತಿ ಏನೋ ಹೇಳಹೋದಳು. "ತಪ್ಪು ನಂದೂ ಇದೆ, ಗೊತ್ತು. ಆದ್ರೆ ಗೊತ್ತಾದ ಮಾತ್ರಕ್ಕೆ ಸಿಟ್ಟು ಇಳಿಯಲ್ಲ ಮಾರಾಯ್ತಿ" ಎಂದು ಕತ್ತರಿ ಕೆಳಗಿಟ್ಟರು.

ಎರಡು ವರ್ಷ ಮಗಳ ಜೊತೆ ಮಾತಿರಲಿಲ್ಲ. ೨೦೦೭ರಲ್ಲಿ ಬಿ.ಪಿ. ಏರಿ ತಲೆಸುತ್ತಿ ಬಿದ್ದಾಗ ಪ್ರಿಯದರ್ಶಿನಿ ಓಡಿಬಂದು ವಾರವಿಡೀ ನೋಡಿಕೊಂಡಳು. ಮಾತು ಮತ್ತೆ ಶುರುವಾಯಿತು, ಮಾತ್ರೆ, ಊಟ, ಮೊಮ್ಮಗುವಿನ ಶಾಲೆ, ಇಷ್ಟರ ಮಟ್ಟಿಗೆ. ಚೇತರಿಸಿಕೊಂಡ ಮೇಲೆ ಉಮಾಮಹೇಶ್ವರಿ ಒಂದು ಹಾಳೆಯಲ್ಲಿ ತನ್ನ ಕೈಯಾರೆ ಬರೆದರು: ನನಗೆ ಏನೇ ಆದರೂ ಆಸ್ಪತ್ರೆಗೆ ಸೇರಿಸಬೇಕು, ಮಾಡಬಹುದಾದದ್ದೆಲ್ಲವನ್ನೂ ಮಾಡಬೇಕು. ನಾನು ಬೇಡ ಎನ್ನುವ ತನಕ ಯಾರೂ ಬೇಡ ಎನ್ನಕೂಡದು, ಬೇಡ ಎಂದರೆ ಎಲ್ಲರ ಎದುರಿಗೇ ಎನ್ನುತ್ತೇನೆ. ಸಹಿ ಮಾಡಿ ಹಾಳೆಯನ್ನು ಸರಸ್ವತಿಯ ಕೈಗೆ ಕೊಟ್ಟರು.

ಪ್ರಿಯದರ್ಶಿನಿಗೆ ಅದು ತಿಳಿಯದೆ ಇರಲಿಲ್ಲ. ಮುಂದಿನ ಭಾನುವಾರ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು.

"ನನ್ನ ಮೇಲೆ ನಂಬಿಕೆ ಇಲ್ವಾ ಅಮ್ಮ?"

"ಇಲ್ಲ ಮಗಳೇ."

ಮಗಳು ತಿರುಗಿ ಹೊರಟಳು. ಗೇಟಿನ ಹತ್ತಿರ ಹೋದವಳನ್ನು ಉಮಾಮಹೇಶ್ವರಿ ಕೂಗಿ ಕರೆದರು.

"ಅಡಿಗೆ ಆಗಿದೆ. ಉಂಡು ಹೋಗು."

ಪ್ರಿಯದರ್ಶಿನಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇಬ್ಬರೂ ಊಟಕ್ಕೆ ಕೂತರು.